ಅಕ್ಕ, ತಮ್ಮ, ಥಾರ್: ಒಡಹುಟ್ಟಿದವರ ಜತೆ ಮರಳಿಗೆ ಬೈಕ್ ಇಳಿಸುವ ಮುನ್ನ

ಜೈಸಲ್ಮೇರಿಗೆ ಟಿಕೆಟ್ ಮಾಡಿಸುವ ಮೊದಲು ಮನೆಯಲ್ಲಿ ಕೂತು ಒಂದು ಜಗಳ ಆಡಿ ಮುಗಿಸಿ. ತಮಾಷೆಗೆ ಹೇಳುತ್ತಿಲ್ಲ. ಗೆಳೆಯರ ಜತೆ ಹೋದರೆ ಸುಸ್ತಾದವನು ಸುಸ್ತಾಗಿದೆ ಅನ್ನುತ್ತಾನೆ, ಹೆದರಿದವನು ಏನೋ ನೆಪ ತೆಗೆದು ನಿಲ್ಲುತ್ತಾನೆ. ಒಡಹುಟ್ಟಿದವರಲ್ಲಿ ಅದು ನಡೆಯುವುದಿಲ್ಲ. ದೊಡ್ಡವಳು ತನಗೆ ಆಗುತ್ತಿಲ್ಲ ಎಂದು ಬಾಯಿ ಬಿಡುವುದಿಲ್ಲ, ಸಣ್ಣವನು ಯಾರ ಮಾತೂ ಕೇಳುವುದಿಲ್ಲ, ನಡುವಿನವನು ಇಬ್ಬರಿಗೂ ಹೂಂ ಅಂದು ಕೊನೆಗೆ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ. ನಾನು ನಡುವಿನವನು. ಹುಬ್ಬಳ್ಳಿಯಿಂದ ಮೂವರು ಮೂರು ಬೈಕ್ ಕಟ್ಟಿಕೊಂಡು ಡಿಸೆಂಬರಿನಲ್ಲಿ ಥಾರ್ ಮರುಭೂಮಿಗೆ ಹೋಗಿಬಂದೆವು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಆ ಕ್ರಮದಲ್ಲೇ ಬರೆಯುತ್ತೇನೆ.

ಮನೆಯಲ್ಲೇ ಆಗಬೇಕಾದ ಮಾತು

ಮುಂದೆ ಯಾರು ಎಂಬುದೇ ಮೊದಲ ತಕರಾರು. ಬೈಕ್ ಮೇಲೆ ಕೈ ಚೆನ್ನಾಗಿ ಕೂತವರು ಎಲ್ಲರಿಗಿಂತ ಹಿಂದೆ ಇರಬೇಕು; ಮುಂದಿನವರು ಬಿದ್ದರೆ ಎತ್ತುವುದು, ಹೂತ ಬೈಕ್ ತೆಗೆಯುವುದು ಅವರ ಕೆಲಸ. ನಿಧಾನ ಬರುವವರು ನಡುವೆ. ದಾರಿ ನೋಡಿಕೊಂಡು ಹೋಗುವ ತಾಳ್ಮೆ ಇದ್ದವರು ಮುಂದೆ. ನಮ್ಮಲ್ಲಿ ಮುಂದೆ ಅಕ್ಕ, ನಡುವೆ ನಾನು, ಹಿಂದೆ ತಮ್ಮ. ತಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ, ಅದರ ಕತೆ ಮುಂದೆ ಬರುತ್ತದೆ.

ಎರಡನೆಯದು, ದಾರಿ ಕವಲೊಡೆದ ಕಡೆಯಲ್ಲೆಲ್ಲ ಮುಂದಿನವರು ನಿಂತು ಹಿಂದಿನವರು ಕಣ್ಣಿಗೆ ಬಿದ್ದ ಮೇಲೆಯೇ ಹೊರಡಬೇಕು. ಐದು ನಿಮಿಷ ಕಾದರೂ ಕಾಣದಿದ್ದರೆ ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗಬೇಕು, ಅಡ್ಡದಾರಿ ಹಿಡಿದು ಹುಡುಕಬಾರದು.

ಮೂರನೆಯದಕ್ಕೆ ನಾವು ಒಂದು ಪದ ಇಟ್ಟುಕೊಂಡೆವು: ಸಾಕು. ಯಾರು ಅಂದರೂ ಮೂರೂ ಎಂಜಿನ್ ಬಂದ್. ಯಾಕೆ ಎಂದು ಸಂಜೆಯವರೆಗೆ ಕೇಳುವಂತಿಲ್ಲ. ಈ ಪದವನ್ನು ಮೊದಲ ದಿನವೇ ಒಮ್ಮೆ ದೊಡ್ಡವರು ಬಳಸಿಬಿಡಬೇಕು, ಇಲ್ಲವಾದರೆ ಸಣ್ಣವರು ಮರ್ಯಾದೆ ಪ್ರಶ್ನೆ ಎಂದು ಬಾಯಿ ಮುಚ್ಚಿಕೊಂಡೇ ಇರುತ್ತಾರೆ.

ಇನ್ನು ಅವ್ವ. ಒಂದೇ ಮನೆಯ ಮೂವರೂ ಒಟ್ಟಿಗೆ ಹೋಗುತ್ತಿದ್ದೀರಿ ಎಂಬುದು ನಿಮಗೆ ಖುಷಿ, ಅವರಿಗೆ ಅದೇ ಭಯ. ‘ಕಾಳಜಿ ಮಾಡಬೇಡ’ ಎಂದು ಹೇಳಿ ಪ್ರಯೋಜನವಿಲ್ಲ. ಯಾವ ರಾತ್ರಿ ಯಾವ ಊರು, ಉಳಿಯುವ ಮನೆಯವರ ಫೋನ್ ನಂಬರ್, ಮೂವರ ರಕ್ತದ ಗುಂಪು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ರಾತ್ರಿ ಎಂಟಕ್ಕೆ ಫೋನ್, ಒಂಬತ್ತಾದರೂ ಬರದಿದ್ದರೆ ಅವರು ಮೊದಲು ಯಾರಿಗೆ ಮಾಡಬೇಕು ಎಂಬುದೂ ಆ ಹಾಳೆಯಲ್ಲಿರಲಿ.

ಯಾವಾಗ, ಹೇಗೆ

ನವೆಂಬರಿನಿಂದ ಫೆಬ್ರವರಿ. ಮಾರ್ಚ್ ದಾಟಿದರೆ ಬಿಸಿಲು ಕೆಡುತ್ತದೆ, ಮೇ-ಜೂನಿನಲ್ಲಿ 45 ಡಿಗ್ರಿ ದಾಟುವ ಊರದು. ಡಿಸೆಂಬರಿನಲ್ಲಿ ಹಗಲು 25ರ ಸುಮಾರು, ರಾತ್ರಿ ಹತ್ತರ ಕೆಳಗೆ. ನಮ್ಮ ಕಡೆಯ ಚಳಿ ಎಂದುಕೊಂಡು ಒಂದು ಸ್ವೆಟರ್ ಹಾಕಿಕೊಂಡು ಹೋದರೆ ಬೆಳಗಿನ ಮೊದಲ ಗಂಟೆ ಕೈಬೆರಳು ಬ್ರೇಕ್ ಹಿಡಿಯುವುದಿಲ್ಲ. ಸೂರ್ಯ ಏಳುವುದೇ ಏಳರ ಮೇಲೆ.

ಬೈಕನ್ನು ರೈಲಿಗೆ ಹಾಕಿ. ಬೆಂಗಳೂರಿನಿಂದ ಜೋಧಪುರಕ್ಕೆ ಹುಬ್ಬಳ್ಳಿ ಮೇಲೆ ಹೋಗುವ ರೈಲಿದೆ. ನೀವು ಹೋಗುವ ರೈಲಿನಲ್ಲೇ ಬೈಕ್ ಬರಬೇಕಾದರೆ ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಿಸಬೇಕು. ಪಾರ್ಸೆಲ್ ಎಂದರೆ ಅದು ತನ್ನ ಪಾಡಿಗೆ ಬೇರೆ ದಿನ ಬರಬಹುದು. ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಬೇಕು, ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಕನ್ನಡಿ ಬಿಚ್ಚಿ ಚೀಲದಲ್ಲಿಡಿ. ಗೋಣಿತಟ್ಟು ಸುತ್ತುವವರು ಸ್ಟೇಶನ್ನಿನಲ್ಲೇ ಸಿಗುತ್ತಾರೆ, ಕ್ಲಚ್ ಮತ್ತು ಬ್ರೇಕ್ ಲಿವರ್ ಮೇಲೆ ಎರಡು ಸುತ್ತು ಜಾಸ್ತಿ ಹಾಕಿಸಿ. ಜೋಧಪುರದಿಂದ ಜೈಸಲ್ಮೇರ್ 285 ಕಿಲೋಮೀಟರ್ ಒಳ್ಳೆಯ ಡಾಂಬರು, ನಡುವೆ ಪೋಖರಣ್.

ಬೈಕ್

ಮರಳಿನಲ್ಲಿ ತೂಕವೇ ಶತ್ರು. ಹೀರೋ ಎಕ್ಸ್‌ಪಲ್ಸ್ 200ರಂಥದ್ದು 160 ಕಿಲೋ ಆಸುಪಾಸು, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 200ರ ಹತ್ತಿರ. ಈ 40 ಕಿಲೋ ಡಾಂಬರಿನ ಮೇಲೆ ಗೊತ್ತೇ ಆಗುವುದಿಲ್ಲ. ಒಂದೇ ಮಧ್ಯಾಹ್ನ ಏಳನೇ ಸಲ ನೆಲದಿಂದ ಎತ್ತುವಾಗ ಗೊತ್ತಾಗುತ್ತದೆ. ಎರಡರಲ್ಲೂ ಮುಂದಿನ ಚಕ್ರ 21 ಇಂಚು, ಮರಳಿಗೆ ಅದು ಬೇಕು. ಮೂವರ ಬೈಕೂ ಒಂದೇ ಮಾದರಿಯದಾದರೆ ಟ್ಯೂಬ್, ಲಿವರ್, ಕೇಬಲ್ ಒಂದೊಂದೇ ಸ್ಪೇರ್ ಸಾಕು. ತಮ್ಮನಿಗೆ ದೊಡ್ಡ ಬೈಕೇ ಬೇಕು ಎಂದರೆ ಈ ಲೆಕ್ಕ ಮುಂದಿಡಿ.

ಏರ್ ಫಿಲ್ಟರ್ ಹೊಸದು ಹಾಕಿಸಿ, ಇನ್ನೊಂದು ಚೀಲದಲ್ಲಿರಲಿ. ಗಾಳಿ ಒಳಹೋಗುವ ಬಾಯಿಗೆ ಹಳೆಯ ನೈಲಾನ್ ಸ್ಟಾಕಿಂಗ್ ಬಿಗಿದು ದಿನವೂ ಸಂಜೆ ಬಿಚ್ಚಿ ಜಾಡಿಸಿ. ಚೈನಿಗೆ ಎಣ್ಣೆ ಬಳಿದು ಮರಳಿಗೆ ಇಳಿಯಬೇಡಿ. ಎಣ್ಣೆಗೆ ಮರಳು ಅಂಟಿದರೆ ಅದು ಸಾಣೆ ಹಿಡಿಯುವ ಹಿಟ್ಟಾಗಿ ಹಲ್ಲು ತಿನ್ನುತ್ತದೆ. ಒಣಗಿಸಿ ಓಡಿಸಿ, ಡಾಂಬರಿಗೆ ಬಂದ ಮೇಲೆ ಬಟ್ಟೆಯಿಂದ ಒರೆಸಿ ಹಚ್ಚಿ. ಸೈಡ್ ಸ್ಟ್ಯಾಂಡಿನ ಕೆಳಗಿಡಲು ಅಂಗೈಯಗಲದ ಹಲಗೆ ತುಂಡಿಗೆ ದಾರ ಕಟ್ಟಿ ಹ್ಯಾಂಡಲಿಗೆ ನೇತುಹಾಕಿಕೊಳ್ಳಿ. ಇಲ್ಲದಿದ್ದರೆ ನಿಲ್ಲಿಸಿದ ಬೈಕ್ ನೀವು ನೀರು ಕುಡಿಯುವಷ್ಟರಲ್ಲಿ ಮಲಗಿರುತ್ತದೆ.

ಹೊರೆ ಹಂಚುವಾಗ ಮನೆಯ ಅಭ್ಯಾಸ ಬೇಡ. ನಮ್ಮಲ್ಲಿ ಎಲ್ಲ ಸಾಮಾನೂ ಅಕ್ಕನ ಚೀಲಕ್ಕೆ ಹೋಗುತ್ತದೆ, ಚಿಕ್ಕಂದಿನಿಂದ. ನೀರು, ಓಆರ್‌ಎಸ್, ಬ್ಯಾಟರಿ, ಪಂಚರ್ ಸಾಮಾನು ಪ್ರತಿಯೊಬ್ಬರ ಬೈಕಿನಲ್ಲೂ ಇರಬೇಕು. ತಲೆಗೆ ದಿನಕ್ಕೆ ಐದು ಲೀಟರ್ ನೀರು, ಅದರ ಮೇಲೆ ಮುಟ್ಟದೆ ಇಡಲು ಒಂದು ಲೀಟರ್. ಮರಳಿನಲ್ಲಿ ಪೆಟ್ರೋಲ್ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಡಿಯುತ್ತದೆ. ಟ್ಯಾಂಕ್ ಅರ್ಧಕ್ಕೆ ಬಂದಾಗ ಮುಖ ಊರ ಕಡೆ ತಿರುಗಿರಬೇಕು.

ಮೊದಲ ದಿನ ಮರಳು ಬೇಡ

ಥಾರ್ ಎಂದರೆ ಬರೀ ಮರಳು ದಿಬ್ಬವಲ್ಲ. ಜೈಸಲ್ಮೇರ್ ಸುತ್ತ ಇರುವುದು ಬಹುಪಾಲು ಕಲ್ಲು-ಗರಸಿನ ಬಯಲು. ಮೊದಲ ದಿನ ಅಲ್ಲೇ ಕೈ ಪಳಗಿಸಿ. ಪಶ್ಚಿಮಕ್ಕೆ 18 ಕಿಲೋಮೀಟರ್ ದೂರದ ಕುಲ್‌ಧರಾ ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಊರು, ಅಲ್ಲಿಂದ ಖಾಬಾ ಕೋಟೆ. ದಾರಿ ಬದಿಯ ಗಾಡಿ ಜಾಡುಗಳಲ್ಲಿ ಎದ್ದುನಿಂತು ಓಡಿಸುವುದನ್ನು ಅಭ್ಯಾಸ ಮಾಡಿ: ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಕೈ ಸಡಿಲ ಬಿಟ್ಟು, ದೃಷ್ಟಿ ದೂರಕ್ಕೆ. ಒಂದೊಂದು ಸಲ ಬೇಕೆಂದೇ ಬೈಕ್ ಮಲಗಿಸಿ ಒಬ್ಬೊಬ್ಬರೇ ಎತ್ತಿ ನೋಡಿ. ಎತ್ತಲಾಗದಿದ್ದರೆ ನಾಚಿಕೆಯಿಲ್ಲ, ಆದರೆ ಅದು ಈಗಲೇ ಎಲ್ಲರಿಗೂ ಗೊತ್ತಿರಲಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ಕಡೆ ತಗ್ಗಿನಲ್ಲಿ ಅಂಗಳದಂತೆ ಸಪಾಟಾದ ಜೇಡಿ ನೆಲ ಕಾಣುತ್ತದೆ, ಒಂದು ಬದಿಗೆ ಉದ್ದ ಮಣ್ಣಿನ ಒಡ್ಡು. ಬೈಕ್ ಬಿಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ. ಅದು ಖಡೀನ್. ಮಳೆಗಾಲದ ನೀರನ್ನು ಒಡ್ಡಿನಲ್ಲಿ ತಡೆದು, ಅದು ಇಂಗಿದ ಮೇಲೆ ಉಳಿದ ಹಸಿಯಲ್ಲೇ ಕಡಲೆ, ಗೋಧಿ ಬೆಳೆಯುವ ಹೊಲ. ಪಾಲೀವಾಲರು ಬಳಕೆಗೆ ತಂದ ಪದ್ಧತಿ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಹಾಕಿದಾಗ ಯಾರಾದರೂ ಬೈಕ್ ತಿರುಗಿಸಿದರೆ ಅಪ್ಪ ಏನನ್ನುತ್ತಿದ್ದರೋ ಅದನ್ನೇ ಅವರೂ ಅನ್ನುತ್ತಾರೆ.

ಮರಳಿಗೆ ಇಳಿಯುವುದು

ಎರಡನೇ ದಿನ ನೈಋತ್ಯಕ್ಕೆ ಖೂರಿ, ಸುಮಾರು 45 ಕಿಲೋಮೀಟರ್. ಸಮ್ ಕಡೆಯ ದಿಬ್ಬಗಳಲ್ಲಿ ಜೀಪು, ಒಂಟೆ, ಪ್ರವಾಸಿಗರ ಜಾತ್ರೆ. ಕಲಿಯುವವರಿಗೆ ಖೂರಿಯೇ ವಾಸಿ. ಊರಲ್ಲಿ ಒಬ್ಬ ದಾರಿ ಬಲ್ಲವರನ್ನು ಗೊತ್ತು ಮಾಡಿಕೊಳ್ಳಿ. ಎಲ್ಲಿ ಇಳಿಯಬಹುದು, ಎಲ್ಲಿ ಬಾರದು ಅವರಿಗೆ ಗೊತ್ತು. ಎಷ್ಟು ದೂರ ಎಂದು ಮಾತ್ರ ಕೇಳಬೇಡಿ. ‘ಬಸ್, ಯಹೀಂ ಪಾಸ್ ಮೇಂ’ (ಇಲ್ಲೇ ಹತ್ತಿರ) ಅಂದರೆ ಎರಡು ಕಿಲೋಮೀಟರೂ ಇರಬಹುದು, ಹನ್ನೆರಡೂ ಇರಬಹುದು.

ಮರಳು ಶುರುವಾಗುವ ಕಡೆ ನಿಂತು ಟಾಯರ್ ಗಾಳಿ ಇಳಿಸಿ. ಡಾಂಬರಿನಲ್ಲಿ ಮುಂದೆ 25, ಹಿಂದೆ 30 ಪಿಎಸ್‌ಐ ಸುಮಾರು ಇದ್ದದ್ದು 15ರಿಂದ 18ಕ್ಕೆ ಬರಲಿ. ಇನ್ನೂ ಇಳಿಸಿದರೆ ಟಾಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ, ವಾಲ್ವ್ ಕಿತ್ತುಬರುತ್ತದೆ. ನಿಂತಾಗಲೆಲ್ಲ ವಾಲ್ವ್ ಕಡ್ಡಿ ನೆಟ್ಟಗಿದೆಯೋ ವಾಲಿದೆಯೋ ನೋಡಿ. ವಾಲಿದ್ದರೆ ಎರಡು ಪಿಎಸ್‌ಐ ಏರಿಸಿ. ಸಣ್ಣ ಕರೆಂಟ್ ಪಂಪ್ ಮೂವರಿಗೆ ಒಂದು ಸಾಕು, ಜತೆಗೊಂದು ಕಾಲಿನ ಪಂಪ್ ಇರಲಿ.

ಬೆಳಿಗ್ಗೆ ಎಂಟರಿಂದ ಹನ್ನೊಂದು ಒಳ್ಳೆಯ ಹೊತ್ತು. ಇಬ್ಬನಿಗೆ ಮರಳು ಸ್ವಲ್ಪ ಬಿಗಿಯಾಗಿರುತ್ತದೆ, ವಾರೆ ಬಿಸಿಲಿಗೆ ದಿಬ್ಬದ ಏರಿಳಿತಕ್ಕೆ ನೆರಳಿರುತ್ತದೆ. ನಡುಮಧ್ಯಾಹ್ನ ಎಲ್ಲವೂ ಒಂದೇ ಬಣ್ಣ, ಗುಂಡಿ ಕಾಣುವುದು ಒಳಗೆ ಬಿದ್ದ ಮೇಲೆ. ಆಗ ಕೇರ್ ಎಂಬ ಮುಳ್ಳು ಪೊದೆಯ ನೆರಳು ಹುಡುಕಿ ಮಲಗಿ.

ಓಡಿಸುವ ಪಾಠ ಚಿಕ್ಕದು, ಮೈಗೆ ಹತ್ತಲು ಹೊತ್ತು ಬೇಕು. ಎದ್ದುನಿಲ್ಲಿ, ಮೈಭಾರ ಚೂರು ಹಿಂದಕ್ಕೆ ಹಾಕಿ ಮುಂಚಕ್ರ ಹಗುರ ಮಾಡಿ. ಎರಡು ಅಥವಾ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒಂದೇ ಸಮ ಇರಲಿ. ಹ್ಯಾಂಡಲ್ ಅತ್ತಿತ್ತ ಈಜಾಡುತ್ತದೆ, ಆಡಲು ಬಿಡಿ. ಹೆದರಿ ಎಕ್ಸಲೇಟರ್ ಬಿಟ್ಟ ಕ್ಷಣ ಮುಂಚಕ್ರ ನೇಗಿಲಿನಂತೆ ನೆಲಕ್ಕೆ ನಾಟಿ ನೀವು ಮುಂದೆ ಹಾರುತ್ತೀರಿ. ತಿರುಗಲು ಕಾಲಿನಿಂದ ಫುಟ್‌ಪೆಗ್ ಒತ್ತಿ, ಹ್ಯಾಂಡಲ್ ತಿರುಚಬೇಡಿ. ನಿಲ್ಲಲು ಮುಂದಿನ ಬ್ರೇಕ್ ಮುಟ್ಟಬೇಡಿ, ಮರಳೇ ನಿಲ್ಲಿಸುತ್ತದೆ. ಇಳಿಜಾರಿಗೆ ಮುಖ ಮಾಡಿ ನಿಂತರೆ ಮತ್ತೆ ಹೊರಡುವುದು ಸುಲಭ.

ದಿಬ್ಬದ ವಿಚಾರ ಬೇರೆ. ಗಾಳಿ ಬೀಸುವ ಮಗ್ಗುಲು ಉದ್ದಕ್ಕೆ, ಬಿಗಿಯಾಗಿ, ನಿಧಾನಕ್ಕೆ ಏರುತ್ತದೆ. ಮರೆಯ ಮಗ್ಗುಲಲ್ಲಿ ಮರಳು ತನ್ನಷ್ಟಕ್ಕೆ ಜಾರಿ ನಿಂತಿರುತ್ತದೆ, 32-34 ಡಿಗ್ರಿ ಕಡಿದು, ಹಿಟ್ಟಿನಷ್ಟು ಮೆತ್ತಗೆ. ಈ ಕಡೆಯಿಂದ ಹತ್ತುವವರಿಗೆ ಆ ಕಡೆ ಇರುವುದು ಏನೂ ಕಾಣದು. ಆದ್ದರಿಂದ ಒಮ್ಮೆಗೆ ಒಬ್ಬರೇ ಹತ್ತಬೇಕು. ನೆತ್ತಿಯ ಹತ್ತಿರ ಓರೆಗೆ ತಿರುಗಿ ಅಂಚಿನ ಮೇಲೇ ನಿಲ್ಲಬೇಕು, ಆಚೆ ನೋಡಿ ಎರಡೂ ಕೈ ಎತ್ತಬೇಕು, ಆಮೇಲೆ ಮುಂದಿನವರು. ಆಚೆ ಮರಳಷ್ಟೇ ಅಲ್ಲ, ಕುರಿ ಕಾಯುವವರು ಕೂತಿರಬಹುದು.

ಖೂರಿಯಲ್ಲಿ ಮೂರು ಗಂಟೆ ಮೀರಿತ್ತು. ಒಂದು ದೊಡ್ಡ ದಿಬ್ಬದ ಬುಡದಲ್ಲಿ ಅಕ್ಕ ‘ಸಾಕು’ ಅಂದಳು. ನಾನು ಬಂದ್ ಮಾಡಿದೆ. ತಮ್ಮ ಹಿಂದಿನಿಂದ ಬಂದವನು, ‘ಇದೊಂದು ಹತ್ತಿ ಬರ್ತೀನಿ, ನೀವು ನಿಂದ್ರ್ರಿ’ ಅಂದು ಮುಂದಕ್ಕೆ ಹಾಕಿದ. ನೆತ್ತಿಯಲ್ಲಿ ತಿರುಗಲಿಲ್ಲ. ಬೈಕಿನ ಸದ್ದು ಒಮ್ಮೆ ಏರಿತು, ಆಮೇಲೆ ಇಲ್ಲ. ನಾವಿಬ್ಬರೂ ಕೈಕಾಲು ಊರಿ ಹತ್ತಿದೆವು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತಿತ್ತು. ಆಚೆ ಬೈಕಿನ ಹ್ಯಾಂಡಲ್ ಮರಳಲ್ಲಿ ಹೂತಿತ್ತು. ಅವನು ಪಕ್ಕದಲ್ಲಿ ಕೂತಿದ್ದ. ಕೈಯಲ್ಲಿ ಮುರಿದ ಕ್ಲಚ್ ಲಿವರ್. ‘ಅಕ್ಕಾ, ಸ್ಪೇರ್ ನಿನ್ ಚೀಲದಾಗ ಐತಲ್ಲ?’ ಇತ್ತು. ಚೀಲ ದಿಬ್ಬದ ಈಚೆ, ಅವಳ ಬೈಕಿನಲ್ಲಿತ್ತು. ಅಕ್ಕ ಬೈಯಲಿಲ್ಲ. ಅವನ ಭುಜ ಮುಟ್ಟಿ ನೋಡಿದಳು, ಬೆರಳು ಆಡಿಸು ಅಂದಳು, ನೀರು ಕುಡಿಸಿದಳು. ರಾತ್ರಿ ಅವ್ವನಿಗೆ ಫೋನ್ ಮಾಡಿಟ್ಟ ಮೇಲೆ ಒಂದೇ ಮಾತು: ‘ಲೇ ಸಣ್ಣಾವ, ಇವತ್ತು ನಾ ಅವ್ವಗ ಏನಂತ ಹೇಳ್ಬೇಕಿತ್ತೋ?’ ಮರುದಿನದಿಂದ ಅವನು ಕೊನೆಯವನಾಗಿಯೇ ಬಂದ.

ಬಿದ್ದವರಿಗೆ ತಲೆಸುತ್ತು, ವಾಂತಿ, ಕೈಕಾಲು ಜೋಮು ಇದ್ದರೆ ಆ ದಿನದ ಸವಾರಿ ಮುಗಿಯಿತು. ಹೆಲ್ಮೆಟ್ ಎಳೆದು ತೆಗೆಯಬೇಡಿ, 108ಕ್ಕೆ ಫೋನ್ ಮಾಡಿ. ಜಿಲ್ಲಾಸ್ಪತ್ರೆ ಜೈಸಲ್ಮೇರಿನಲ್ಲಿದೆ, ಏಮ್ಸ್ ಇರುವುದು ಜೋಧಪುರದಲ್ಲಿ.

ಹೂತರೆ

ಹಿಂಚಕ್ರ ತಿರುಗುತ್ತಿದೆ, ಬೈಕ್ ಮುಂದೆ ಹೋಗುತ್ತಿಲ್ಲ ಎಂದರೆ ಎಕ್ಸಲೇಟರ್ ಬಿಡಿ. ರೇಸ್ ಮಾಡಿದಷ್ಟೂ ಕೆಳಕ್ಕೆ ಹೋಗುತ್ತದೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಇಳಿದು ಬೈಕನ್ನು ನಿಧಾನಕ್ಕೆ ಪಕ್ಕಕ್ಕೆ ಮಲಗಿಸಿ. ಹಿಂಚಕ್ರ ತೋಡಿದ ಗುಂಡಿ ಈಗ ಖಾಲಿ ಕಾಣುತ್ತದೆ. ಅದಕ್ಕೆ ಮರಳು ತುಂಬಿ ತುಳಿಯಿರಿ. ಬೈಕ್ ಎತ್ತಿ, ಪಕ್ಕದಲ್ಲಿ ನಡೆಯುತ್ತಾ ಒಂದನೇ ಗೇರಿನಲ್ಲಿ ಸಣ್ಣಗೆ ಎಕ್ಸಲೇಟರ್ ಕೊಡಿ, ಒಬ್ಬರು ಹಿಂದಿನಿಂದ ತಳ್ಳಲಿ. ತಳ್ಳುವವರು ಕನ್ನಡಕ ಹಾಕಿಕೊಂಡಿರಲಿ, ಬಾಯಿ ಮುಚ್ಚಿರಲಿ. ಒಡಹುಟ್ಟಿದವರು ತಳ್ಳುವಾಗ ಬಾಯಿ ಮುಚ್ಚುವುದು ಕಷ್ಟ, ಆದರೂ.

ಎಲ್ಲಿ ಇಳಿಯಬಾರದು

ಸಮ್, ಖೂರಿ ಸುತ್ತಲಿನ ಬಹಳಷ್ಟು ಜಾಗ 1980ರಲ್ಲಿ ಆದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, 3,162 ಚದರ ಕಿಲೋಮೀಟರ್. ಗೋಡಾವಣ್ ಹಕ್ಕಿಯ ಕೊನೆಯ ದೊಡ್ಡ ನೆಲೆ ಅದು. ರಾಣೆಬೆನ್ನೂರು ಕಡೆಯ ಹಿರಿಯರು ಎರೆಭೂತ ಅನ್ನುತ್ತಿದ್ದರಲ್ಲ, ಅದೇ ಹಕ್ಕಿ. ನಮ್ಮಲ್ಲಿ ಹೆಚ್ಚುಕಡಿಮೆ ಮುಗಿಯಿತು. ಅಲ್ಲಿಯೂ ಬಯಲಲ್ಲಿ ಉಳಿದದ್ದು 150ರ ಆಸುಪಾಸು. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬೇಲಿ ಕಂಡರೆ ಒಳಗೆ ಹೋಗಬೇಡಿ. ಖೂರಿಯಿಂದ ಸಮ್ ಕಡೆಗೆ ಹೋಗುವಾಗ ಡಾಂಬರು ಬಿಡಬೇಡಿ. ಓರಣ್ ಎಂಬ ದೇವರ ಕಾಡುಗಳಲ್ಲಿ ಟೊಂಗೆ ಕೂಡ ಕಡಿಯುವುದಿಲ್ಲ. ಅಲ್ಲಿ ಬೈಕ್ ಬಂದ್ ಮಾಡಿ ನಡೆದು ಹೋಗಿ.

ಗಡಿ ಕಡೆ ಇನ್ನೂ ಬಿಗಿ. ನಾಲ್ಕನೇ ದಿನ ರಾಮಗಢದ ಮೇಲೆ ತನೋಟ್, ಜೈಸಲ್ಮೇರಿನಿಂದ ಸುಮಾರು 120 ಕಿಲೋಮೀಟರ್, ಅಲ್ಲಿಂದ ಲೋಂಗೇವಾಲಾ. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿ, ಆಚೆ ಬಂಕ್ ನಂಬಬೇಡಿ. ತನೋಟ್ ಮಾತೆಯ ಗುಡಿ ಗಡಿ ಭದ್ರತಾ ಪಡೆಯ ಸುಪರ್ದಿಯಲ್ಲಿದೆ, 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದ ಶೆಲ್‌ಗಳನ್ನು ಇಟ್ಟಿದ್ದಾರೆ. ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ ಕಾಳಗದ ಟ್ಯಾಂಕ್‌ಗಳಿವೆ. ಈ ದಿನ ಪೂರ್ತಿ ಡಾಂಬರು, ಮೈಕೈ ನೋವಿಗೆ ಅದೇ ಬೇಕಿರುತ್ತದೆ. ರಸ್ತೆ ಬಿಟ್ಟು ಇಳಿಯಬೇಡಿ, ಡ್ರೋನ್ ತರಬೇಡಿ, ಮರಳಲ್ಲಿ ಬಿದ್ದ ಲೋಹದ ತುಂಡು ಏನೇ ಇರಲಿ ಮುಟ್ಟಬೇಡಿ. ಅಮೆರಿಕದಿಂದ ಬರುವ ಅಣ್ಣನೋ ತಂಗಿಯೋ ಜತೆಗಿದ್ದರೆ ಎರಡು ಮಾತು: ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶದ ಸಾಧನ ಪರವಾನಗಿ ಇಲ್ಲದೆ ಭಾರತಕ್ಕೆ ತಂದರೆ ಪೊಲೀಸ್ ಕೇಸು ಬೀಳುತ್ತದೆ, ಪಾಸ್‌ಪೋರ್ಟ್ ಬೇರೆ ದೇಶದ್ದಾದರೆ ಗಡಿ ಭಾಗಕ್ಕೆ ಹೋಗುವ ಬಗ್ಗೆ ಜೈಸಲ್ಮೇರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಸಂಜೆ

ಐದಕ್ಕೆ ಸವಾರಿ ಮುಗಿಸಿ. ರಾತ್ರಿ ಢಾಣಿಯಲ್ಲಿ, ಅಂದರೆ ನಾಲ್ಕಾರು ಮನೆಯ ಒಂಟಿ ಕೇರಿಯಲ್ಲಿ, ಉಳಿಯುವುದಾದರೆ ಮೊದಲು ಮನೆಯ ಹಿರಿಯರಿಗೆ ‘ಖಮ್ಮಾ ಘಣಿ ಸಾ’ ಎಂದು ನಮಸ್ಕಾರ ಹೇಳಿ. ಊಟಕ್ಕೆ ಬಾಜ್ರೆ ರೊಟ್ಟಿ ಬಂತು. ಅಕ್ಕ ಒಂದು ತುತ್ತು ಬಾಯಿಗಿಟ್ಟು ‘ಸಜ್ಜಿ ರೊಟ್ಟಿ ಐತಲ್ಲೋ’ ಅಂದು ಎರಡನೆಯದು ಕೇಳಿ ಹಾಕಿಸಿಕೊಂಡಳು. ಪಕ್ಕದಲ್ಲಿ ಕೇರ್-ಸಾಂಗರಿ ಪಲ್ಯ. ಸಾಂಗರಿ ಅಂದರೆ ಖೇಜಡಿ ಮರದ ಕಾಯಿ, ಖೇಜಡಿ ಅಂದರೆ ನಮ್ಮ ಬನ್ನಿ. ದಸರೆಗೆ ಎಲೆ ಕೊಟ್ಟು ಬಂಗಾರ ಅನ್ನುವ ನಮಗೆ ಅದರ ಕಾಯಿ ತಿನ್ನುವುದು ಗೊತ್ತೇ ಇರಲಿಲ್ಲ.

ಮಲಗುವ ಮುನ್ನ ಸಾಕ್ಸ್ ನೋಡಿಕೊಳ್ಳಿ. ಭುರಟ್ ಎಂಬ ಹುಲ್ಲಿನ ಮುಳ್ಳುಬೀಜ ಸಾಕ್ಸ್, ಗ್ಲೋವ್ಸ್, ಶೂ ಲೇಸು ಎಲ್ಲದಕ್ಕೂ ಕಚ್ಚಿರುತ್ತದೆ, ಕೈಯಿಂದ ಕಿತ್ತರೆ ಬೆರಳಿಗೆ ಚುಚ್ಚಿ ಮುರಿಯುತ್ತದೆ. ಅಕ್ಕನ ಸೇಫ್ಟಿ ಪಿನ್ನೊಂದೇ ಸಾಧನವಾಗಿ, ಮೂವರೂ ಲಾಟೀನಿನ ಸುತ್ತ ಕೂತು ಒಬ್ಬರ ಕೈಯಿಂದ ಒಬ್ಬರು ತೆಗೆದೆವು. ಬೂಟನ್ನು ತಲೆಕೆಳಗಾಗಿಸಿ ಇಡಿ, ಬೆಳಿಗ್ಗೆ ಜಾಡಿಸಿ ಹಾಕಿಕೊಳ್ಳಿ. ಚೇಳು ಇರುವ ಸೀಮೆ. ಗರಗಸ ಮಂಡಲದ ಹಾವೂ ಇದೆ, ಚಳಿಗೆ ಹೊರಗೆ ಕಾಣುವುದು ಕಡಿಮೆ ಅಷ್ಟೆ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಬಯಲಿಗೆ ಹೋಗಬೇಡಿ.

ವಾಪಸ್

ಡಾಂಬರು ಹತ್ತಿದ ಕೂಡಲೇ ಟಾಯರಿಗೆ ಗಾಳಿ ತುಂಬಿ. ಇಳಿಸಿದ ಗಾಳಿಯಲ್ಲೇ 80ರಲ್ಲಿ ಓಡಿಸಿದರೆ ಟ್ಯೂಬ್ ಕಾದು ಹೋಗುತ್ತದೆ. ಜೈಸಲ್ಮೇರಿನಲ್ಲಿ ಏರ್ ಫಿಲ್ಟರ್ ಬದಲಿಸಿ, ಚೈನ್ ತೊಳೆಸಿ. ಎಂಜಿನ್ ಆಯಿಲ್ ಊರಿಗೆ ಬಂದ ಮೇಲೆ ಮೊದಲ ವಾರದಲ್ಲೇ ಹಾಕಿಸಿ, ಬ್ರೇಕ್ ಪ್ಯಾಡ್ ಬಿಚ್ಚಿ ಮರಳು ಒರೆಸಿ. ಜೋಧಪುರ ಸ್ಟೇಶನ್ನಿಗೆ ಬರುವ ಮೊದಲೇ ಪೆಟ್ರೋಲ್ ಲೆಕ್ಕ ಹಾಕಿ ತುಂಬಿಸಿ, ಅಲ್ಲಿ ಖಾಲಿ ಮಾಡುವಾಗ ಚೆಲ್ಲಬೇಕಾಗುತ್ತದೆ.

ಖರ್ಚಿನ ಲೆಕ್ಕ ರೈಲು ಹುಬ್ಬಳ್ಳಿ ಮುಟ್ಟುವ ಮುನ್ನ ಮುಗಿಸಿ. ಮನೆ ಹೊಕ್ಕ ಮೇಲೆ ಅದಕ್ಕೆ ಅಪ್ಪ-ಅವ್ವನ ಅಭಿಪ್ರಾಯವೂ ಸೇರುತ್ತದೆ. ಅಕ್ಕನ ಸಣ್ಣ ಪುಸ್ತಕದಲ್ಲಿ ಪೆಟ್ರೋಲ್, ಊಟ, ದಾರಿ ತೋರಿಸಿದವರ ದುಡ್ಡು ಎಲ್ಲ ಮೂರು ಪಾಲು. ಕ್ಲಚ್ ಲಿವರ್ ಮಾತ್ರ ಪೂರ್ತಿ ತಮ್ಮನ ಹೆಸರಿಗೆ. ಅದು ಸಾಮೂಹಿಕ ಖರ್ಚು ಎಂದು ಅವನು ತಕರಾರು ತೆಗೆದ. ಇನ್ನೂ ಕೊಟ್ಟಿಲ್ಲ.